ಕುದುರೆಗೆ ಹೆಸರಿತ್ತು

ಹೊಳೆದಂಡೆಯ ಮಠದ ಕಟ್ಟೆಯ ಮೇಲೆ ಅಡಿವೆಪ್ಪಜ್ಜ ಲಾವಣಿ ಕಲಿಸುತ್ತಿದ್ದ. ಶಿವನ ಹೆಸರು ಹೇಳದೆ ದಪ್ಪು ಬಾರಿಸಿದವನಲ್ಲ. ಅವನ ಶಿಷ್ಯರಲ್ಲಿ ಹೊಳೆಬಸುವಿನ ಕಂಠಕ್ಕೆ ಎಣೆಯಿರಲಿಲ್ಲ.

ಹೊಳೆಬಸು ಬಲು ಆಸೆಯಿಂದ ಹಾಡುತ್ತಿದ್ದುದು ಸರದಾರನ ಪದ. ಹೆಂಡತಿ ಪರಪುರುಷನೊಡನೆ ಮಾತಾಡಿದಳೆಂದು ಸಂಶಯಪಟ್ಟು ಸರದಾರ ಅವಳನ್ನು ಕಡಿಯುತ್ತಾನೆ. ಕಡಿಯುವ ನುಡಿ ಬಂದಾಗ ಮಂದಿ ಶಿಳ್ಳೆ ಹೊಡೆಯುತ್ತಿದ್ದರು.

ಒಂದು ಮಧ್ಯಾಹ್ನ ಹೊಳೆಬಸು ನಡುವಿಗೆ ಚೂರಿ ಸಿಕ್ಕಿಸಿಕೊಂಡು ಬಂದ. ಬಳೆಗಾರನ ಮುಂದೆ ಕೈ ನೀಡಿ ಕುಳಿತ ಹೆಂಡತಿ ನಕ್ಕಳಂತೆ. ಇವನು ಕಣ್ಣಾರೆ ಕಂಡನಂತೆ. ಚೂರಿ ನೋಡಿ ಅವಳು ಒಳಗೆ ಓಡಿ ಅಗುಳಿ ಹಾಕಿಕೊಂಡಿದ್ದಳು.

ಯಾತಕ್ಕೆ ನಕ್ಕಳೆಂದು ಅಜ್ಜ ಕೇಳಿದ. ಅದನ್ನೆಲ್ಲ ಕೇಳುವುದೇನಿದೆ ಎಂದ ಹೊಳೆಬಸು.

“ಎಷ್ಟೊತ್ತು ಅಗುಳಿ ಹಾಕ್ಕೊಂಡಿರ್ತಾಳ ಅಜ್ಜಾ? ನೀರಿಗಾದ್ರೂ ಹೊರಗ ಬರಬೇಕಲ್ಲ. ಕಡಿದ ಸರದಾರನ್ನ ಊರೂರಾಗ ಹಾಡ್ತೀವಿ. ನನ್ನ ಮ್ಯಾಲೂ ಒಂದು ಪದಾ ಕಟ್ಟು.”

ಅಜ್ಜನ ಮುಖ ಕೆಂಪಾಯಿತು. ಆದರೂ ದಪ್ಪು ತೊಡೆಯ ಮೇಲಿಟ್ಟುಕೊಂಡ.

“ಕಟ್ಟೋಣ. ಸರದಾರನ ಕುದುರಿ ಹೆಸರೇನು?”

“ಗಾಳಿರಾಯ.”

“ಕತ್ತಿ ಹೆಸರು?”

“ನಾಗಮುರಿ.”

“ಕಡಿಸಿಕೊಂಡಾಕಿ ಹೆಸರು?”

ಹೊಳೆಬಸು ಪದವನ್ನು ಬಾಯೊಳಗೇ ಮೊದಲಿಂದ ಹೇಳಿಕೊಂಡು ಹೋದ. ಕೊನೆಯ ನುಡಿಯೂ ಮುಗಿಯಿತು.

“ಪದದಾಗ ಇಲ್ಲಜ್ಜಾ.”

“ನನ್ನ ಗುರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕುದುರಿ ಹೆಸರು ಗೊತ್ತು, ಹೆಣದ ಹೆಸರು ಗೊತ್ತಿಲ್ಲ. ಆ ಹೆಣದ ಮ್ಯಾಲೆ ಶಿಳ್ಳೆ ಹೊಡಿಸಿಕೊಂಡು ಉಂಡೆವಲ್ಲೋ, ಖೋಡಿ. ತಾ ಚೂರಿ.”

ಹೊಳೆಬಸು ಗುರುವಿಗೆ ಎಂದೂ ಎದುರಾಡಿದವನಲ್ಲ. ಕೊಟ್ಟ.

ದಪ್ಪು ಅಜ್ಜನಿಗೆ ಅವನ ಗುರು ಕೊಟ್ಟದ್ದು. ಅದರ ಚರ್ಮವನ್ನು ಅಜ್ಜ ಈ ಅಂಚಿನಿಂದ ಆ ಅಂಚಿಗೆ ಸೀಳಿದ. ಚೂರಿಯನ್ನು ಹೊಳೆಗೆ ಎಸೆದ.

“ಮದುವಿ ದಿನ ಹೆಂಡತಿ ಹೆಸರು ಹೇಳದೆ ಹೊಸ್ತಿಲಾ ದಾಟಬ್ಯಾಡ ಅಂತ ಮಂದಿ ಅಡ್ಡ ನಿಂತಾಗ ಒಂದು ಒಡಪು ಕಟ್ಟಿದ್ದಿಯಲ್ಲ. ಅದನ್ನ ಹೇಳು.”

ಹೊಳೆಬಸು ಹರಿದ ದಪ್ಪನ್ನು ನೋಡುತ್ತ ಹೇಳಿದ.

“ನೀಲಿ ಹೂ ಬಿಟ್ಟೈತಿ ಹೊಳಿಸಾಲ ಅಗಸಿ,
ಶಾವಂತ್ರಿ ಬಂದಾಳ ಮನಿಮಂದೀನೆಲ್ಲ ನಗಿಸಿ.”

ಕೊನೆಯ ಮಾತಿಗೆ ಬಂದಾಗ ಆ ಕಂಠ ಒಡೆಯಿತು.

ಅಜ್ಜನ ಸಿಟ್ಟು ಇಳಿದಿರಲಿಲ್ಲ.

“ನಿನ್ನ ಬಾಯಾಗ ಹೆಣ್ಣಿನ ಹೆಸರು ಬಂದ ಪದಾ ಇದೊಂದ. ಹೋಗು, ಹಾಕಿದ ಬಾಗಿಲದ ಹೊರಗ ಬರಿಗೈಲೆ ನಿಂತು ಹೇಳು. ತಗಿಯೂದು ಬಿಡೂದು ಶಾವಂತ್ರಿ ಮರ್ಜಿ.”