ಕೊನೇ ಸಾಲಿನ ಸೌಂಡು

ರಂಗಮಂದಿರದ ಸ್ಪೀಕರುಗಳನ್ನು ಹದಕ್ಕೆ ತರುತ್ತಿದ್ದ ದಾದಾಪೀರನ ಮುಂದೆ ಸಂಘದ ಅಧ್ಯಕ್ಷ ವೀರಭದ್ರಯ್ಯನವರು ಬಂದು ನಿಂತರು.

"ನಾನು ಮಾತಾಡುವಾಗ ಕೊನೇ ಸಾಲಿನವರು ನಿದ್ದೆ ಮಾಡ್ತಾರೆ. ನಿನ್ನ ಸೌಂಡೇ ಸರಿಯಿಲ್ಲ. ನಾಳೆ ವಾರ್ಷಿಕೋತ್ಸವಕ್ಕೆ ಸರಿಹೋಗದಿದ್ರೆ ಸ್ಪೀಕರಲ್ಲ, ನಿನ್ನನ್ನೇ ಬದಲಾಯಿಸ್ತೀನಿ."

ದಾದಾಪೀರ ಸೌಂಡ್ ಮೀಟರು ಹಿಡಿದು ಸಾಲು ಸಾಲೂ ಅಳೆದ. ಎಲ್ಲ ಕುರ್ಚಿಗೂ ಒಂದೇ ಸಮ ಕೇಳುತ್ತಿತ್ತು. ಪರೀಕ್ಷೆಗೆಂದು ಅಧ್ಯಕ್ಷರ ಹಳೇ ಭಾಷಣವನ್ನೇ ಹಾಕಿದ. ಕೊನೇ ಸಾಲಿನಲ್ಲಿ ಕೂತಿದ್ದ ಕಾವಲುಗಾರ ತೂಕಡಿಸಿ ಗೊರಕೆಗೇ ಇಳಿದ. ಭಾಷಣ ನಿಂತದ್ದೇ ತಡ, ಎಚ್ಚೆತ್ತು ಚಪ್ಪಾಳೆ ತಟ್ಟಿದ.

ದಾದಾಪೀರನಿಗೆ ರೋಗ ಗೊತ್ತಾಯಿತು. ಅಧ್ಯಕ್ಷರ ಮುಂದೆ ಕೈಕಟ್ಟಿ ನಿಂತ. "ಸಾರ್, ನಿಮ್ಮ ದನಿಯ ಭಾರಕ್ಕೆ ಸ್ಪೀಕರು ಸುಸ್ತಾಗ್ತವೆ. ಎರಡೆರಡು ನಿಮಿಷಕ್ಕೆ ಕೈಮುಗಿದು ನಿಲ್ಲಿಸಿ, ನೀರು ಕುಡೀರಿ. ಅವೂ ಸುಧಾರಿಸಿಕೊಳ್ತವೆ."

ಅಧ್ಯಕ್ಷರು ಹಿಗ್ಗಿದರು. ಮರುದಿನ ಅವರು ಕೈಮುಗಿದು ಲೋಟ ಎತ್ತಿದಾಗಲೆಲ್ಲ, ಭಾಷಣ ಮುಗಿಯಿತೆಂದು ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಕೊನೇ ಸಾಲಿನವರದೇ ಎಲ್ಲರಿಗಿಂತ ಜೋರು.

ಅಧ್ಯಕ್ಷರು ವೇದಿಕೆಯಿಂದ ಇಳಿದವರೇ ದಾದಾಪೀರನ ಬೆನ್ನು ತಟ್ಟಿದರು. "ಸೌಂಡು ಅಂದ್ರೆ ಇದು ಕಣಯ್ಯ. ಮುಂದಿನ ಸಲ ಚಪ್ಪಾಳೆ ಇನ್ನೂ ಜೋರು ಬರಬೇಕು. ಏನು ಮಾಡೋಣ?"

"ಇನ್ನೂ ಬೇಗ ನಿಲ್ಲಿಸಿಬಿಡಿ ಸಾರ್," ಅಂದ ದಾದಾಪೀರ.