ಮೂವತ್ತನೆಯ ಗದ್ದೆ

"ತೆರೆದಿಟ್ಟರೂ ನನಗೆ ಅರ್ಥವಾಗದ ವಸ್ತು ಮುಚ್ಚಿದ್ದರೇನು, ತೆರೆದಿದ್ದರೇನು, ಗುರುಗಳೇ?" ಎಂದು ಮರುಳಸಿದ್ದಪ್ಪ ಕೇಳಿದ.

ಅವನು ತಾಲ್ಲೂಕು ಕಚೇರಿಯಲ್ಲಿ ಪಡಿತರದ ಕೆಲಸ ನೋಡುವವನು. ಸರ್ಕಾರದಿಂದ ಒಂದು ಕಾಗದ ಬಂದಿತ್ತು. ಪಡಿತರ ಅಂಗಡಿಯ ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ಒಂದು ಕಂಪನಿಯಿಂದ ಕೊಳ್ಳಬೇಕೋ, ಇಲ್ಲವೇ ಯಾರು ಬೇಕಾದರೂ ಒಳಗನ್ನು ಓದಿ, ತಪ್ಪಿದ್ದರೆ ತಿದ್ದಿ, ನಕಲು ಮಾಡಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನು ಬಳಸಬೇಕೋ, ಈ ಬಗ್ಗೆ ಕೆಳಗಿನ ನೌಕರರೂ ಅಭಿಪ್ರಾಯ ಬರೆದು ಕಳಿಸಬೇಕು ಎಂದು ಅದರಲ್ಲಿತ್ತು. ಸೋಮವಾರ ಕಡೆಯ ದಿನ.

"ಕಂಪನಿಯದು ಚೆನ್ನಾಗಿ ನಡೆಯುತ್ತದೆ. ಕೆಟ್ಟರೆ ಅವರೇ ಬಂದು ನೋಡುತ್ತಾರೆ. ಒಳಗೇನಿದೆ ಎಂದು ತೋರಿಸುವುದಿಲ್ಲ, ಅಷ್ಟೇ. ತೋರಿಸಿದರೂ ನಾನು ನೋಡಿ ಏನು ಮಾಡಲಿ? ನಮ್ಮ ಕಚೇರಿಯಲ್ಲಿ ಅದನ್ನು ನೋಡುವ ಪುಣ್ಯಾತ್ಮ ಯಾರಿದ್ದಾರೆ? ಮುಚ್ಚಿದ್ದೇ ಇರಲಿ ಎಂದು ಬರೆದುಬಿಡಲೇ?"

ಗುರುಗಳು ಪೂಜೆ ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದರು. "ಯಂತ್ರದ ವಿಷಯ ನನಗೂ ಗೊತ್ತಿಲ್ಲಪ್ಪ. ಒಬ್ಬ ನೀರುಗಂಟಿಯ ವಿಷಯ ಗೊತ್ತು. ಕೇಳು" ಎಂದು ಶುರು ಮಾಡಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಯ ಕೆಳಗೆ ಮೂವತ್ತು ಗದ್ದೆ. ಮಳೆಗಾಲದಲ್ಲಿ ನೀರಿಗೆ ತಕರಾರಿಲ್ಲ. ಬೇಸಿಗೆಯ ಬೆಳೆಗೆ ಮಾತ್ರ ಸರದಿ. ಹೊತ್ತು ಹುಟ್ಟಿದಾಗ ಕೆರೆಯ ನೀರು ಬಿಡುವ ತೂಬು ತೆರೆಯಬೇಕು, ಹೊತ್ತು ಮುಳುಗಿದಾಗ ಮುಚ್ಚಬೇಕು. ನಡುವೆ ಸಿಗುವುದು ಮೂವತ್ತು ಗಳಿಗೆ. ಗದ್ದೆಗೊಂದು ಗಳಿಗೆ ನೀರು.

ಆ ನೀರನ್ನು ಹಂಚುವವನು ನೀರುಗಂಟಿ. ಅವನ ಸೇವೆಗೆಂದು ಊರವರು ಬಿಟ್ಟುಕೊಟ್ಟ ಗದ್ದೆಯೊಂದು ಅವನಿಗೂ ಇತ್ತು. ಅದು ಮೂವತ್ತನೆಯದು, ಕಾಲುವೆಯ ತುದಿಯಲ್ಲಿದ್ದದ್ದು. ಹಾಗೆ ಕೊಟ್ಟದ್ದು ಹಿರಿಯರು ಬೇಕೆಂದೇ ಮಾಡಿದ ಕಟ್ಟಳೆ. ನೀರುಗಂಟಿಯ ಗದ್ದೆಗೆ ನೀರು ತಲುಪಿದರೆ ಉಳಿದವರಿಗೆಲ್ಲ ತಲುಪಿದೆ ಎಂದು ಅರ್ಥ. ಅವನು ಯಾರ ಮುಖ ನೋಡಿ ಹೆಚ್ಚು ನೀರು ಬಿಟ್ಟರೂ ಪೆಟ್ಟು ಬೀಳುವುದು ಅವನ ಮನೆಯ ಅನ್ನಕ್ಕೇ.

ಗಳಿಗೆ ಅಳೆಯಲು ಒಂದು ಕಂಚಿನ ಬಟ್ಟಲಿತ್ತು. ಅದರ ತಳದಲ್ಲಿ ಸೂಜಿಯ ಮೊನೆಯಷ್ಟು ತೂತು. ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ ಸರಿಯಾಗಿ ಒಂದು ಗಳಿಗೆಗೆ ತುಂಬಿ ಮುಳುಗುತ್ತಿತ್ತು. ಮುಳುಗಿದ ಕೂಡಲೇ ನೀರುಗಂಟಿ ಕೆರೆಯ ಏರಿಯ ಮೇಲಿಂದ ಕೂಗು ಹಾಕುತ್ತಿದ್ದ. ಒಬ್ಬ ತನ್ನ ಗದ್ದೆಯ ಬಾಯಿ ಕಟ್ಟುತ್ತಿದ್ದ, ಮುಂದಿನವನು ತನ್ನದನ್ನು ಬಿಡಿಸುತ್ತಿದ್ದ.

ಜಗಳ ಇರಲಿಲ್ಲವೆಂದಲ್ಲ. "ಏನಣ್ಣಾ, ಇವತ್ತು ನಿನ್ನ ಬಟ್ಟಲಿಗೆ ಬಾಯಾರಿಕೆ ಜಾಸ್ತಿಯೋ? ಗಟಗಟ ಕುಡಿದುಬಿಟ್ಟಿತಲ್ಲ!" ಎಂದು ಯಾರಾದರೂ ಕೆಳಗಿನಿಂದ ಅರಚುವರು. "ಬಾರಪ್ಪ, ನೀನೇ ಬಂದು ಕೂತು ನೋಡು. ಬರುವಾಗ ಎಲೆಅಡಿಕೆ ತಾ" ಎಂದು ಇವನು ಮೇಲಿನಿಂದ ಕೂಗುವನು. ಅನುಮಾನ ಬಂದವನು ಬಂದು ಕೂರುತ್ತಿದ್ದ. ಎರಡು ಸಲ ಬಟ್ಟಲು ಮುಳುಗುವುದನ್ನು ನೋಡುತ್ತಿದ್ದ. ಎಲೆಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದ.

ಯುಗಾದಿಯ ದಿನ ಬಟ್ಟಲಿನ ಪರೀಕ್ಷೆ. ಅಂದು ಹಗಲೂ ಇರುಳೂ ಹೆಚ್ಚುಕಡಿಮೆ ಸಮ. ಬೇವುಬೆಲ್ಲ ತಿಂದವರು ಸರದಿಯ ಮೇಲೆ ಬಂದು ಹಂಡೆಯ ಮುಂದೆ ಕೂರುತ್ತಿದ್ದರು. ಬಟ್ಟಲು ಮುಳುಗಿದಾಗಲೆಲ್ಲ ಒಂದು ಹುಣಸೆಬೀಜವನ್ನು ಬುಟ್ಟಿಗೆ ಹಾಕುವುದು. ಸಂಜೆಗೆ ಮೂವತ್ತು ಬೀಜ ಬಿದ್ದಿದ್ದರೆ ಸರಿ. ಮೂವತ್ತೊಂದಾದರೆ ಕಂಚುಗಾರ ತೂತನ್ನು ತಟ್ಟಿ ಕಿರಿದು ಮಾಡುತ್ತಿದ್ದ. ಇಪ್ಪತ್ತೊಂಬತ್ತಾದರೆ ಸೂಜಿಯಿಂದ ಬಿಡಿಸುತ್ತಿದ್ದ. ಯಾವ ಊರಿನವರು ಬಂದು ಕೇಳಿದರೂ ಬಟ್ಟಲಿನ ಅಳತೆ ಕೊಡುತ್ತಿದ್ದರು. ಹಾಗೆ ಅಳತೆ ಒಯ್ದ ಪಕ್ಕದ ಊರಿನವರು, ತಳಕ್ಕೆ ಚೂರು ಸೀಸ ಮೆತ್ತಿದರೆ ಬಟ್ಟಲು ಗಾಳಿಗೆ ವಾಲುವುದಿಲ್ಲ ಎಂದು ಕಂಡುಕೊಂಡರು. ಒಂದು ದಿನ ಸಂತೆಗೆ ಹೋಗುವ ದಾರಿಯಲ್ಲಿ ನಿಂತು ಇವರಿಗೂ ಹೇಳಿಹೋದರು.

ಹೀಗಿರುವಾಗ ಒಬ್ಬ ವರ್ತಕ ಅರಸನ ಬಳಿಗೆ ಬಂದ. ಅವನು ಒಂದು ಕೊಡ ತಂದಿದ್ದ. ಬಾಯಿ ಮುಚ್ಚಿ, ಅರಗು ಹಾಕಿ, ಮುದ್ರೆ ಒತ್ತಿದ ಕೊಡ. ಬದಿಯ ಕೊಳವೆಯಲ್ಲಿ ಬೆಳಿಗ್ಗೆ ನೀರು ಹೊಯ್ದರೆ ಸಾಕು, ಗಳಿಗೆಗೊಮ್ಮೆ ತಾನೇ ಗಂಟೆ ಹೊಡೆಯುತ್ತದೆ. ಯಾರೂ ಕೂತು ಕಾಯಬೇಕಾಗಿಲ್ಲ. ಅರಸನಿಗೆ ಮೆಚ್ಚುಗೆಯಾಯಿತು. ನಾಡಿನ ಎಲ್ಲ ಕೆರೆಗಳಲ್ಲೂ ಈ ಕೊಡದ ಗಂಟೆಯೇ ಗಳಿಗೆ, ಬಟ್ಟಲಿನ ಗಳಿಗೆ ಇನ್ನು ನಡೆಯದು ಎಂದು ಆಜ್ಞೆ ಹೊರಟಿತು. "ಒಳಗಿರುವುದು ನನ್ನ ವಿದ್ಯೆ. ಮುದ್ರೆ ಮುಟ್ಟಬಾರದು" ಎಂದ ವರ್ತಕ. ಮುದ್ರೆ ಒಡೆದ ಊರಿನ ತೂಬಿಗೆ ಬೀಗ ಎಂದು ಅದನ್ನೂ ಆಜ್ಞೆಯಲ್ಲಿ ಸೇರಿಸಿದರು.

ಇದ್ದದ್ದನ್ನು ಹೇಳಬೇಕು, ಕೊಡ ಒಳ್ಳೆಯದೇ ಆಗಿತ್ತು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನೀರುಗಂಟಿ. ಬಗ್ಗಿ ಬಗ್ಗಿ ಹಂಡೆ ನೋಡಿ ಅವನ ಕುತ್ತಿಗೆ ಹಿಡಿದುಕೊಂಡಿತ್ತು. ಕೊಡ ಬಂದ ದಿನ ಮರದ ನೆರಳಿನಲ್ಲಿ ಕಾಲು ಚಾಚಿ ಮಲಗಿದ. ಗಂಟೆ ಕೇಳಿದಾಗ ಮಲಗಿದಲ್ಲಿಂದಲೇ ಕೂಗು ಹಾಕಿದ. ತನ್ನ ತಂದೆಗೆ ಇಂಥ ಸುಖ ಸಿಗಲಿಲ್ಲವಲ್ಲ ಎಂದು ಮರುಗಿದ.

ಆ ವರ್ಷ ಊರವರು ಬಸವಣ್ಣನ ಗುಡಿಗೆ ಗಂಟೆ ಎರಕ ಹೊಯ್ಯಿಸಿದರು. ಮನೆಮನೆಯಿಂದ ಕಂಚು ಕೊಟ್ಟರು. ಗಳಿಗೆಯ ಬಟ್ಟಲು ಸುಮ್ಮನೆ ಬಿದ್ದಿದೆಯಲ್ಲ, ಅದೂ ಸ್ವಾಮಿಗೆ ಸಲ್ಲಲಿ ಎಂದು ಒಬ್ಬರು ಅಂದರು. ಬಟ್ಟಲು ಕರಗಿಸಿ ಎಂದು ಅರಸ ಹೇಳಿರಲಿಲ್ಲ. ನೀರುಗಂಟಿಯೇ ಅದನ್ನು ತೊಳೆದು, ಕಣ್ಣಿಗೊತ್ತಿಕೊಂಡು, ಕಂಚುಗಾರನ ಮೂಸೆಗೆ ಹಾಕಿದ. ಮರುವರ್ಷದ ಯುಗಾದಿಗೆ ಏರಿಯ ಮೇಲೆ ಯಾರೂ ಕೂರಲಿಲ್ಲ. ಕೂತು ನೋಡುವುದಕ್ಕೆ ಏನಿತ್ತು?

ಹನ್ನೆರಡು ವರ್ಷ ಹೀಗೆ ನಡೆಯಿತು. ಹದಿಮೂರನೆಯ ಬೇಸಿಗೆಯಲ್ಲಿ ಒಂದು ಸಂಜೆ ನೀರುಗಂಟಿಯ ಗದ್ದೆಗೆ ನೀರು ಅರ್ಧ ಹರಿಯುವಷ್ಟರಲ್ಲಿ ಹೊತ್ತು ಮುಳುಗಿತು. ಮೋಡವಿದ್ದೀತು ಎಂದುಕೊಂಡ. ಮಾರನೆಯ ಸರದಿಯಲ್ಲೂ ಹಾಗೆಯೇ ಆಯಿತು. ತಿಂಗಳು ಕಳೆಯುವುದರೊಳಗೆ ಇಪ್ಪತ್ತೊಂಬತ್ತನೆಯ ಗಂಟೆ ಹೊಡೆಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗತೊಡಗಿತು. ಕೊಡದ ಗಳಿಗೆ ಉದ್ದವಾಗಿತ್ತು. ಇಪ್ಪತ್ತೊಂಬತ್ತು ಗದ್ದೆಗೆ ಚೂರು ಚೂರು ಹೆಚ್ಚು ನೀರು. ಮೂವತ್ತನೆಯದಕ್ಕೆ ಇಲ್ಲವೇ ಇಲ್ಲ. ಕೊಡದೊಳಗೆ ಏನಾಗಿತ್ತೋ, ಇಂದಿಗೂ ಯಾರಿಗೂ ತಿಳಿಯದು.

ಅವನು ಊರವರಿಗೆ ಹೇಳಿದ. ಇಪ್ಪತ್ತೊಂಬತ್ತನೆಯ ಗದ್ದೆಯ ರೈತ ಎಲ್ಲರಿಗಿಂತ ಮೊದಲು ನಕ್ಕ. "ಹನ್ನೆರಡು ವರ್ಷ ಮಲಗಿ ನಿದ್ದೆ ಮಾಡಿದೆಯಲ್ಲೋ ಅಣ್ಣಾ. ಈಗ ನಿನ್ನ ಪೈರು ಬಾಡಿತು ಅಂತ ಕೊಡಕ್ಕೆ ಕಾಯಿಲೆ ಬಂತಾ?"

"ಹೊತ್ತು ನೋಡಪ್ಪ, ನಾನು ಹೇಳುವುದು ಬೇಡ."

"ಹೊತ್ತು ನೋಡಿ ಉಳುವವನು ನಾನು. ನೀನು ಕೊಡ ನೋಡು."

ನೀರುಗಂಟಿ ಅರಸನ ಅಧಿಕಾರಿಯ ಬಳಿಗೆ ನಡೆದುಕೊಂಡು ಹೋದ. ಅಧಿಕಾರಿ ಕೆಟ್ಟವನಲ್ಲ. ಕೂರಿಸಿ ಕೇಳಿದ.

"ಹಗಲು ಕಿರಿದಾಗಿರಬೇಕು ನೋಡು."

"ಬೇಸಿಗೆಯಲ್ಲಿ ಹಗಲು ಕಿರಿದಾಗುತ್ತದೆಯೇ, ಬುದ್ಧಿ?"

"ಕೊಡಕ್ಕೆ ಅರಸರ ಮುದ್ರೆ ಇದೆ. ನಿನ್ನ ಸೂರ್ಯನಿಗೆ ಇದೆಯೇನಯ್ಯ? ಯಾವುದನ್ನು ನಂಬಿ ನಾನು ಬರೆಯಲಿ?"

ಆದರೂ ಅವನು ವರ್ತಕನಿಗೆ ಹೇಳಿ ಕಳಿಸಿದ. ವರ್ತಕ ಆ ಹೊತ್ತಿಗೆ ಬೇರೆ ದೇಶಕ್ಕೆ ಹೋಗಿದ್ದ. ಅವನ ಕಡೆಯವನೊಬ್ಬ ಬಂದು ಮುದ್ರೆಯನ್ನು ಸುತ್ತಲೂ ನೋಡಿ, ಮುದ್ರೆ ಒಡೆದಿಲ್ಲ, ಆದ್ದರಿಂದ ಕೊಡ ಸರಿಯಾಗಿದೆ ಎಂದು ಬರೆದುಕೊಟ್ಟು ಹೋದ. ಕೊಡದ ಒಳಗು ಅವನಿಗೂ ಗೊತ್ತಿರಲಿಲ್ಲ.

ಒಂದು ದಿನ ನೀರುಗಂಟಿ ಕಲ್ಲು ಎತ್ತಿಕೊಂಡು ಕೊಡದ ಮುಂದೆ ನಿಂತ. ಒಡೆದರೆ ತೂಬಿಗೆ ಬೀಗ. ತನ್ನದೊಂದು ಗದ್ದೆಗಾಗಿ ಇಪ್ಪತ್ತೊಂಬತ್ತು ಮನೆಯ ಒಲೆ ಆರಿಸುವುದೇ? ಕಲ್ಲನ್ನು ಇಟ್ಟು ಬಂದ.

ಹೆಂಡತಿ ಹೇಳಿದಳು: "ಅವರು ಕೊಡ ಒಡೆಯಬೇಡಿ ಅಂದರು. ಬಟ್ಟಲು ಮಾಡಬೇಡಿ ಅನ್ನಲಿಲ್ಲವಲ್ಲ. ಯುಗಾದಿಗೆ ಊರವರ ಮುಂದೆ ತೇಲಿಬಿಟ್ಟು ತೋರಿಸಿ. ಮೂವತ್ತು ಮನೆಯವರೂ ಹೋಗಿ ನಿಂತು ಕೇಳಿದರೆ ಅರಸ ಕಿವಿಗೊಡದೆ ಇರುತ್ತಾನೆಯೇ?"

ಅದು ಅವನ ಮನಸ್ಸಿಗೆ ಹತ್ತಿತು. ತಮ್ಮ ಊಟದ ಕಂಚಿನ ತಟ್ಟೆಯನ್ನು ಕಂಚುಗಾರನಿಗೆ ಕೊಟ್ಟ. ಕಂಚುಗಾರನ ಕೈಗೆ ಕೆಲಸ ಮರೆತಿರಲಿಲ್ಲ. ಮೂರು ಸಲ ತೂತು ತಿದ್ದಿದ ಮೇಲೆ ಬಟ್ಟಲು ಸರಿಬಂತು ಎನ್ನಿಸಿತು.

ಯುಗಾದಿಯ ಹಿಂದಿನ ದಿನ ನೀರುಗಂಟಿ ಮನೆಮನೆಗೆ ಹೋಗಿ ಕರೆದ. "ನಾಳೆ ಬಟ್ಟಲಿನ ಪರೀಕ್ಷೆ. ಒಂದೊಂದು ಗಳಿಗೆ ಬಂದು ಕೂತು ಹೋಗಿ." ಹಿಂದೆ ಕೂತಿದ್ದವರಲ್ಲಿ ಕೆಲವರು ಸತ್ತಿದ್ದರು, ಕೆಲವರಿಗೆ ಕಣ್ಣು ಕಾಣುತ್ತಿರಲಿಲ್ಲ. ಉಳಿದವರಿಗೆ ಅದೊಂದು ಹಳೆಯ ಕಾಲದ ಆಟವಾಗಿ ಕಂಡಿತು. "ಹೋಳಿಗೆ ಬಿಟ್ಟು ನಿನ್ನ ಬಟ್ಟಲು ಕಾಯಬೇಕೇನಯ್ಯ?" ಎಂದ ಮೊದಲ ಗದ್ದೆಯವನು. ಬರುವುದಿಲ್ಲ ಎಂದು ಯಾರೂ ಅನ್ನಲಿಲ್ಲ. ನೋಡೋಣ ಎಂದರು.

ಹೊತ್ತು ಹುಟ್ಟಿತು. ಅವನು ಬಟ್ಟಲು ತೇಲಿಬಿಟ್ಟ. ಯಾರೂ ಬರಲಿಲ್ಲ. ಕಂಚುಗಾರನಿಗೆ ಮಗಳ ಮನೆಯ ಹಬ್ಬ. ಹೆಂಡತಿ ಮಧ್ಯಾಹ್ನ ಊಟ ತಂದು, ಏರಿಯ ಎರಡು ಕಡೆಗೂ ಕಣ್ಣು ಹಾಯಿಸಿ ಹೊರಟುಹೋದಳು. ಅವನು ಒಂದೊಂದೇ ಹುಣಸೆಬೀಜ ಹಾಕಿದ. ಹೊತ್ತು ಮುಳುಗಿದಾಗ ಬುಟ್ಟಿಯಲ್ಲಿ ಮೂವತ್ತು ಬೀಜಗಳಿದ್ದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಮಾರನೆಯ ದಿನ ಬುಟ್ಟಿಯನ್ನು ಗುಡಿಯ ಮುಂದೆ ತಂದಿಟ್ಟ. ಊರವರು ನೋಡಿದರು.

"ಇದನ್ನು ಹಾಕಿದವರು ಯಾರು?"

"ನಾನೇ."

"ನೋಡಿದವರು?"

"ನಾನೇ."

"ಇದೂ ನಿನ್ನ ಮಾತೇ ಆಯಿತಲ್ಲಣ್ಣ" ಎಂದ ಇಪ್ಪತ್ತೊಂಬತ್ತನೆಯ ಗದ್ದೆಯವನು. ಈ ಸಲ ಅವನು ನಗಲಿಲ್ಲ, ಸಮಾಧಾನವಾಗಿಯೇ ಹೇಳಿದ. "ಬಟ್ಟಲು ನೀನು ಮಾಡಿಸಿದ್ದು, ಬೀಜ ನೀನು ಎಣಿಸಿದ್ದು, ಬಾಡಿದ್ದು ನಿನ್ನ ಗದ್ದೆ. ಅದರ ಒಳಗು ನನಗೆ ತಿಳಿಯದು, ಇದರ ಲೆಕ್ಕವೂ ತಿಳಿಯದು. ಅದಾದರೂ ಅರಸನ ಕೊಡ."

ತೂತಿನ ಬಟ್ಟಲು ನೀರುಗಂಟಿಯ ಕೈಯಲ್ಲಿಯೇ ಇತ್ತು. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಅದನ್ನು ನೋಡುವ ಬಗೆಯೇ ಊರಿಗೆ ಮರೆತಿತ್ತು. ಹೋಗಿ ಏರಿಯ ಮೇಲೆ ಕೂತ. ಕೊಡದ ಗಂಟೆ ಹೊಡೆದಾಗಲೆಲ್ಲ ಕೂಗು ಹಾಕಿದ. ಬೇರೆಯವರ ಗದ್ದೆಗೆ ನೀರು ಹಾಯಿಸಿದ. ಆ ವರ್ಷ ಅವನ ಗದ್ದೆಯಲ್ಲಿ ನಾಟಿ ಮಾಡಿದ ಸಸಿ ತೆನೆ ಕಟ್ಟಲಿಲ್ಲ. ಹೆಂಡತಿ ಅದನ್ನು ಕೊಯ್ದು ಎಮ್ಮೆಗೆ ಹಾಕಿದಳು. ಮುಂದಿನ ವರ್ಷ ಅವರು ನಾಟಿಯನ್ನೇ ಮಾಡಲಿಲ್ಲ. ಬಟ್ಟಲಿನ ತೂತಿಗೆ ಅರಗು ತುಂಬಿ ಉಪ್ಪು ಹಾಕಿಡಲು ಬಳಸಿಕೊಂಡರು.

ಕೊಡ ಇನ್ನೂ ನಿಧಾನವಾಯಿತು. ಒಂದು ಸಂಜೆ ಇಪ್ಪತ್ತೊಂಬತ್ತನೆಯ ಗದ್ದೆಯ ರೈತ ಕೈಯಲ್ಲಿ ಗುದ್ದಲಿ ಹಿಡಿದು ತನ್ನ ಗದ್ದೆಯ ಬಾಯಲ್ಲಿ ಕಾದು ನಿಂತಿದ್ದ. ಗಂಟೆ ಹೊಡೆಯಲಿಲ್ಲ. ಹೊತ್ತು ಮುಳುಗಿತು. ಅವನು ಏರಿ ಹತ್ತಿ ಬಂದು ನೀರುಗಂಟಿಯ ಪಕ್ಕದಲ್ಲಿ ಕೂತ. "ಅಣ್ಣಾ, ನಿನ್ನ ಆ ಬಟ್ಟಲು ಇದೆಯಾ?" ಎಂದು ಕೇಳಿದ.

ಇಬ್ಬರೂ ಸೇರಿ ಊರವರ ಹತ್ತಿರ ಹೋದರು. ಕೊಡ ತಪ್ಪು ಎಂದರು. ಇಪ್ಪತ್ತೆಂಟನೆಯ ಗದ್ದೆಯವನು ನಕ್ಕ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮರುಳಸಿದ್ದಪ್ಪ ತಲೆ ತಗ್ಗಿಸಿ ಕೂತಿದ್ದ. ಬೆರಳಗುರುತು ಹೊಂದಲಿಲ್ಲವೆಂದು ಅಕ್ಕಿ ಸಿಗದೆ ಅಂಗಡಿಯಿಂದ ಹಿಂದಿರುಗಿದವರ ಹೆಸರುಗಳು ಅವನಿಗೆ ಗೊತ್ತಿದ್ದವು. ಯಂತ್ರ ಒಪ್ಪುತ್ತಿಲ್ಲ, ನಾನೇನು ಮಾಡಲಿ ಎಂದು ಅವರಿಗೆ ಹೇಳಿ ಕಳಿಸಿದವನೂ ಅವನೇ.

"ತಿಳಿಯಿತು, ಗುರುಗಳೇ. ಎಲ್ಲರೂ ನೋಡಬಹುದಾದದ್ದೇ ಬೇಕು ಎಂದು ಬರೆಯುತ್ತೇನೆ" ಎಂದು ಜೇಬಿನಿಂದ ಪೆನ್ನು ತೆಗೆದ.

ಅದಕ್ಕೆ ಗುರುಗಳು ಒಂದೇ ಮಾತು ಹೇಳಿದರು:

"ಬರಿಯಪ್ಪ, ಬರೆದು, ಅದರ ಮುಂದೆ ಬಂದು ಕೂತು ನೋಡುವವರು ಯಾರು ಎಂಬಲ್ಲಿ ಮೊದಲು ನಿನ್ನ ಹೆಸರು ಬರಿ."