ಗೋಪುರದ ನಿಜವಾದ ಬಣ್ಣ

"ಕೇಳಿರಪ್ಪೋ ಕೇಳಿ! ಗೋಪುರದ ಬಣ್ಣವನ್ನು ಸುಳ್ಳಾಗಿ ಬರೆದ ಚಿತ್ರಗಾರ ಕೇತನನ್ನು ಅರಸರು ಸುಣ್ಣದ ನೆಲಮಾಳಿಗೆಗೆ ತಳ್ಳಿದ್ದಾರೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದರೆ ತಲೆ ಹೋಗುತ್ತದೆ!"

ಡಂಗುರ ಕೇಳಿಸಿದಾಗ ಕೇತನ ತಂಗಿ ಮಾಚವ್ವ ಎಂದಿನಂತೆ ಅಂಗಳದಲ್ಲಿ ಬಣ್ಣ ಅರೆಯುತ್ತಿದ್ದಳು. ಹಿಂದಿನ ದಿನ ಅರಮನೆಗೆ ಹೋದ ಅಣ್ಣ ಊಟಕ್ಕೂ ಬಂದಿರಲಿಲ್ಲ. ಅವಳು ಕೈ ತೊಳೆಯದೆ ಹೊರಟಳು.

ಪಟ್ಟಕ್ಕೇರಿದ ಅರಸ ಗುಡಿಯ ಗೋಪುರದ ಚಿತ್ರವೊಂದನ್ನು ಸಿಂಹಾಸನದ ಹಿಂದೆ ತೂಗುಹಾಕಿಸುವುದು ಆ ವಂಶದ ರೂಢಿ. ಹಳೆಯ ಚಿತ್ರಗಳಲ್ಲೆಲ್ಲ ಗೋಪುರ ಕಪ್ಪು. ಹೊಸ ಅರಸನಿಗಾಗಿ ಕೇತ ಮೂರು ಚಿತ್ರ ಬರೆದಿದ್ದ: ಬೆಳಗಿನ ಗೋಪುರ ಕೆಂಪು, ನಡುಹಗಲಿನದು ಬಿಳಿ, ಸಂಜೆಯದು ನೇರಳೆ.

ಸಭೆಯಲ್ಲಿ ಅರಸ ಕೇಳಿದ: "ಮುಟ್ಟದೆ ಬಣ್ಣ ಬಳಿಯುವವನು, ಒರೆಸದೆ ಅಳಿಸುವವನು ಯಾರು?"

"ಸೂರ್ಯ," ಎಂದರು ಆಸ್ಥಾನದ ಪಂಡಿತರೊಬ್ಬರು.

"ಬೆಳಗ್ಗೆ ದೈತ್ಯನಷ್ಟು ಉದ್ದ, ಮಧ್ಯಾಹ್ನ ಮಗುವಿನಷ್ಟು ಗಿಡ್ಡ. ಯಾರು?"

"ನೆರಳು."

"ನನ್ನ ಗೋಪುರದ ನಿಜವಾದ ಬಣ್ಣ?"

"ಕಪ್ಪು, ಮಹಾಪ್ರಭು."

ಅರಸ ಕಿಟಕಿ ತೆರೆಸಿದ. ಎಳೆಬಿಸಿಲಿನಲ್ಲಿ ಗೋಪುರ ಕೆಂಡದಂತಿತ್ತು. "ಕಣ್ಣಿಲ್ಲವೇ ಪಂಡಿತರೇ?" ಎಂದು ನಕ್ಕ. ಪಂಡಿತರನ್ನು ಎಳೆದೊಯ್ದರು.

ಮುಂದೆ ಬಂದ ದಳವಾಯಿ ಮೊದಲೆರಡಕ್ಕೆ ಅದೇ ಉತ್ತರ ಕೊಟ್ಟು, ಮೂರನೆಯದಕ್ಕೆ ಜಾಣತನದಿಂದ "ಕೆಂಪು" ಎಂದ.

"ನನ್ನಜ್ಜ ತರಿಸಿದ್ದು ಕರಿಗಲ್ಲು, ಮೂರ್ಖ!" ಅವನನ್ನೂ ಎಳೆದೊಯ್ದರು.

ಹೊತ್ತೇರಿದರೂ ಬೇರಾರೂ ಮುಂದೆ ಬರಲಿಲ್ಲ. ಜನರ ನಡುವೆ ನಿಂತಿದ್ದ ಮಾಚವ್ವನ ಮೈ ಉರಿಯಿತು. ಕಾವಲಿನವನ ಕೈ ಕೊಡವಿ ಮುಂದೆ ಬಂದಳು.

"ನೀನ್ಯಾರೇ? ಬಣ್ಣ ಅರೆಯುವವಳೇ? ಕೈಯಾದರೂ ತೊಳೆದು ಬರಬಾರದೇ?"

"ನನ್ನ ಕೈಯ ಬಣ್ಣ ತೊಳೆದರೆ ಹೋಗುತ್ತದೆ, ದೊರೆ. ಒಂದು ಸೂರ್ಯ. ಎರಡು ನೆರಳು. ಮೂರನೆಯದಕ್ಕೆ ಕೇಳಿ. ಗೋಪುರಕ್ಕೆ ತನ್ನದೆಂಬ ಬಣ್ಣವಿಲ್ಲ. ಬೆಳಕು ಉಡಿಸಿದ್ದೇ ಅದರ ಬಣ್ಣ."

"ಇದಕ್ಕೆ ಸಾಕ್ಷಿ?"

"ತಾವೇ! ಪಂಡಿತರು ಕಪ್ಪೆಂದಾಗ ಕಿಟಕಿ ತೆರೆಸಿ ಕೆಂಪು ತೋರಿಸಿದವರು ಯಾರು? ನನ್ನಣ್ಣ ಬರೆದದ್ದೂ ಅದನ್ನೇ. ಅವನು ಸುಳ್ಳನಾದರೆ ತಾವೂ ಸುಳ್ಳರು. ತಾವು ತೋರಿಸಿದ್ದು ನಿಜವಾದರೆ ಅವನನ್ನು ಸುಣ್ಣದಲ್ಲಿ ಹೂತಿಟ್ಟದ್ದು ಯಾವ ನ್ಯಾಯ?"

ಅರಸ ತೆರೆದ ಕಿಟಕಿಯತ್ತ ನೋಡಿದ. ಅಷ್ಟರಲ್ಲಿ ಗೋಪುರ ಬೆಳ್ಳಗಾಗಿತ್ತು.

"ಏನು ಬೇಕು, ಕೇಳು."

"ಆ ಇಬ್ಬರ ತಲೆ ಉಳಿಯಲಿ. ನನ್ನಣ್ಣನನ್ನು ಕೊಡಿ. ನಿಮ್ಮ ಹೊನ್ನು ನಿಮಗೇ ಇರಲಿ."

ಅರಸ ಒಪ್ಪಿ, ಮೂರು ಚಿತ್ರಗಳನ್ನೂ ಸಿಂಹಾಸನದ ಹಿಂದೆ ತೂಗುಹಾಕಲು ಹೇಳಿದ. ಕೇತನನ್ನು ಅರಮನೆಯ ಅಂಗಳಕ್ಕೆ ತಂದರು. ಅವನ ತಲೆ, ಹುಬ್ಬು, ರೆಪ್ಪೆ ಎಲ್ಲ ಸುಣ್ಣ. ಮಾಚವ್ವ ಅವನ ಮುಖ ಒರೆಸಿ, ಮೂರು ಚಿತ್ರಗಳನ್ನೂ ಎದುರಿಗೆ ಹಿಡಿದಳು.

"ಅಣ್ಣ, ಇವು ಗೋಡೆಗೇರುತ್ತವೆ. ನೋಡು."

"ನೋಡುತ್ತೇನೆ ತಾಯಿ. ಮೊದಲು ದೀಪ ಹಚ್ಚು."

ಆಗ ನಡುಮಧ್ಯಾಹ್ನವಾಗಿತ್ತು.